ಮೂರು ಸಲ ವಾಪಸು ಬಂದ ಪೇಪರು

ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಬೆಂಗಳೂರಿನ ಬಸ್ಸಿಳಿದು ಕೆ.ಬಿ. ಕ್ರಾಸಿನಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಕೆ.ಬಿ. ಕ್ರಾಸ್ ಅಂದರೆ ಕಿಬ್ಬನಹಳ್ಳಿ ಕ್ರಾಸ್. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರೆಲ್ಲ ಜೀವನದಲ್ಲಿ ಒಮ್ಮೆಯಾದರೂ ಬಸ್ಸು ಬದಲಾಯಿಸಲು ನಿಂತು, ಬಾರದ ಬಸ್ಸಿಗೆ ಶಾಪ ಹಾಕಿದ ಜಾಗ. ಅಲ್ಲೇ ಮೊಬೈಲಿಗೆ ಮೇಲ್ ಬಂತು. ನಿಮ್ಮ ಲೇಖನವನ್ನು ಆಸಕ್ತಿಯಿಂದ ಓದಿದೆವು, ಆದರೆ... ಆ 'ಆದರೆ' ಕಂಡಮೇಲೆ ಮುಂದಕ್ಕೆ ಓದಲಿಲ್ಲ. ಇಬ್ಬರು ವಿಮರ್ಶಕರ ಟಿಪ್ಪಣಿ ಲಗತ್ತಿಸಿದೆ ಅಂತ ಕೊನೆಯಲ್ಲಿತ್ತು. ಅದನ್ನೂ ತೆರೆಯಲಿಲ್ಲ. ಟೀ ಆರಿಹೋಗಿತ್ತು, ದುಡ್ಡು ಕೊಟ್ಟು ಮನೆ ಕಡೆ ನಡೆದೆ.

ಇದು ಮೂರನೇ ಸಲ. ಒಂದೇ ಪೇಪರು, ಮೂರು ಜರ್ನಲ್ಲು, ಮೂರು 'ಆದರೆ'.

ಪೇಪರು ಏನಂತ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಹಿಂದೆ ಕೆರೆ ಕಟ್ಟಿಸಿದವರಿಗೆ, ಕೆರೆ ಏರಿ ನೋಡಿಕೊಂಡವರಿಗೆ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಕಟ್ಟುಗೊಡಗೆ, ಕೆರೆಗೊಡಗೆ ಅಂತೆಲ್ಲ ಹೆಸರು. ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದ್ದಾರಲ್ಲ, ಅದರಿಂದ 23 ಶಾಸನ ಆರಿಸಿಕೊಂಡು, ಎಷ್ಟು ಭೂಮಿ ಕೆರೆಗಳ ಪಾಲಿಗೆ ಹೋಗಿತ್ತು ಅಂತ ಲೆಕ್ಕ ಹಾಕಿದ್ದೆ. ನಾನು ಒಂದು ಕಾಲೇಜಿನಲ್ಲಿ ಚರಿತ್ರೆಯ ಅತಿಥಿ ಉಪನ್ಯಾಸಕ. ಹೆಸರಿನಲ್ಲಿ ಮಾತ್ರ ಅತಿಥಿ, ಊಟಕ್ಕೆ ಕರೆಯುವವರಿಲ್ಲ. ಖಾಯಂ ಕೆಲಸದ ಸಂದರ್ಶನಕ್ಕೆ ಹೋದಾಗಲೆಲ್ಲ ಕೇಳುವ ಮೊದಲ ಪ್ರಶ್ನೆ, ಎಷ್ಟು ಪೇಪರ್ ಪಬ್ಲಿಷ್ ಆಗಿದೆ? ವಯಸ್ಸು 38. ಪೇಪರು ಸೊನ್ನೆ.

ಮೊದಲ ಜರ್ನಲ್ಲು ನಾಲ್ಕೇ ದಿನಕ್ಕೆ ವಾಪಸು ಮಾಡಿತ್ತು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ. ಎರಡನೆಯದು ಹನ್ನೊಂದು ತಿಂಗಳು ಇಟ್ಟುಕೊಂಡು, ವಿಷಯ ತೀರಾ ಸ್ಥಳೀಯ ಎಂದಿತು. ಹನ್ನೊಂದು ತಿಂಗಳು! ಅಷ್ಟು ಹೊತ್ತಿಗೆ ನಮ್ಮ ಅಟ್ಟದ ಮೇಲೆ ಒಂದು ಬೆಳೆ ಕೊಬ್ಬರಿಯಾಗುತ್ತದೆ.

ಮನೆಗೆ ಹೋದರೆ ಅಪ್ಪ ಅದೇ ಕೆಲಸದಲ್ಲಿದ್ದರು. ಈ ಕಡೆಯವರಲ್ಲದವರಿಗೆ ಹೇಳಬೇಕು: ಬಲಿತ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಾಗಿ ಉಳಿಯುತ್ತದೆ. ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅನ್ನದಿದ್ದದ್ದನ್ನು ಅವಸರ ಮಾಡಿ ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಅಪ್ಪ ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ, "ಏನಂತೆ?" ಅಂದರು.

"ಬೇಡವಂತೆ."

"ಇನ್ನೊಂದು ಕಡೆ ಕೊಡು. ತಿಪಟೂರಲ್ಲಿ ಇರೋದು ಒಂದೇ ಮಂಡಿನಾ?"

ಇನ್ನೊಂದು ಕಡೆ ಕೊಡುವುದಕ್ಕೆ ಜಾಗ ಇತ್ತು, ಅದೇ ತೊಂದರೆ. ಎರಡು ವಾರದಿಂದ ಒಬ್ಬ ಮಹಾನುಭಾವ ಮೇಲ್ ಮೇಲೆ ಮೇಲ್ ಹಾಕುತ್ತಿದ್ದ. ಅಂತಾರಾಷ್ಟ್ರೀಯ ಜರ್ನಲ್ಲು, ಮೂರು ದಿನದಲ್ಲಿ ಪ್ರಕಟಣೆ, 4,500 ರೂಪಾಯಿ, ಪ್ರಮಾಣಪತ್ರ ಉಚಿತ. ಇಂಥವು ಎಷ್ಟಿದ್ದವೆಂದರೆ 2018ರಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ ಒಂದೇ ಏಟಿಗೆ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಅದೆಲ್ಲ ಗೊತ್ತಿದ್ದೂ ಆ ರಾತ್ರಿ ನಾನು ಹಣ ಕಳಿಸುವುದಕ್ಕೆ ಅಕೌಂಟ್ ನಂಬರು ಬರೆದಿಟ್ಟುಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ. ಕಳಿಸದೇ ಉಳಿದದ್ದು ನೆಟ್‌ವರ್ಕ್ ಇಲ್ಲದ್ದರಿಂದ, ನನ್ನ ಸದ್ಗುಣದಿಂದ ಅಲ್ಲ.

ನಿದ್ದೆ ಬರಲಿಲ್ಲ. ನನಗೊಬ್ಬನಿಗೇ ಹೀಗಾ, ದೊಡ್ಡವರಿಗೂ ಆಗಿತ್ತಾ ಅಂತ ಹುಡುಕಿ ಓದತೊಡಗಿದೆ. ಸೋತವನಿಗೆ ಸೋತ ದೊಡ್ಡವರ ಕಥೆಯಷ್ಟು ರುಚಿ ಇನ್ನೊಂದಿಲ್ಲ. ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ನಮ್ಮ ಜೀವಕೋಶಗಳು ಶಕ್ತಿ ತಯಾರಿಸುವ ಚಕ್ರದ ಬಗ್ಗೆ ನೇಚರ್ ಪತ್ರಿಕೆಗೆ ಬರೆದರೆ, ಏಳೆಂಟು ವಾರಕ್ಕಾಗುವಷ್ಟು ಪತ್ರಗಳು ಈಗಾಗಲೇ ಬಿದ್ದಿವೆ ಅಂತ ವಾಪಸು ಬಂತು. ಹಾಲೆಂಡಿನ ಪತ್ರಿಕೆಯೊಂದು ಹಾಕಿತು. 1953ರಲ್ಲಿ ನೊಬೆಲ್ ಬಂತು. ಇಂಥ ಕಥೆಗಳು ಬೇಕಾದಷ್ಟಿವೆ, ಓದಿದ ಕೂಡಲೇ ಎದೆ ಉಬ್ಬುತ್ತದೆ. ಆದರೆ ಬೆಳಿಗ್ಗೆ ಹೊತ್ತಿಗೆ ಇಳಿದುಹೋಗುತ್ತದೆ. ಯಾಕೆಂದರೆ ವಾಪಸು ಬಂದ ಪೇಪರುಗಳಲ್ಲಿ ನೊಬೆಲ್ ಪಡೆದವು ಕೆಲವು, ನಿಜಕ್ಕೂ ಕೆಟ್ಟವು ಲಕ್ಷಾಂತರ. ನನ್ನದು ಯಾವ ಗುಂಪು ಅಂತ ಕ್ರೆಬ್ಸ್ ಹೇಳುವುದಿಲ್ಲವಲ್ಲ.

ಸ್ವಲ್ಪ ಬೇರೆ ಥರದ್ದು ಐನ್‌ಸ್ಟೈನ್ ಕಥೆ. 1936ರಲ್ಲಿ ಅವರೂ ನೇಥನ್ ರೋಸೆನ್ನೂ ಸೇರಿ, ಗುರುತ್ವದ ಅಲೆಗಳು ಇರಲು ಸಾಧ್ಯವೇ ಇಲ್ಲ ಅಂತ ತೀರ್ಮಾನಿಸಿ ಫಿಸಿಕಲ್ ರಿವ್ಯೂಗೆ ಪೇಪರು ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ತಜ್ಞರಿಗೆ ತೋರಿಸಿ, ಹತ್ತು ಪುಟದ ಟಿಪ್ಪಣಿ ಜೊತೆ ಉತ್ತರ ಕೇಳಿ ವಾಪಸು ಮಾಡಿದರು. ಐನ್‌ಸ್ಟೈನ್ ಕೆಂಡಾಮಂಡಲ. ಅಚ್ಚು ಹಾಕಲು ಕಳಿಸಿದ್ದೇ ಹೊರತು ಬೇರೆಯವರಿಗೆ ತೋರಿಸಲು ಅಲ್ಲ ಅಂತ ಬರೆದು ಪೇಪರನ್ನೇ ಹಿಂತೆಗೆದುಕೊಂಡರು. ತಮಾಷೆ ಏನೆಂದರೆ ಟಿಪ್ಪಣಿ ಸರಿಯಾಗಿತ್ತು. ಅದನ್ನು ಬರೆದ ಎಚ್. ಪಿ. ರಾಬರ್ಟ್‌ಸನ್ ಪ್ರಿನ್ಸ್‌ಟನ್ನಿಗೆ ಬಂದಾಗ ಐನ್‌ಸ್ಟೈನರ ಸಹಾಯಕ ಇನ್‌ಫೆಲ್ಡ್ ಜೊತೆ ಮಾತಾಡುತ್ತಾ, ಆ ಅನಾಮಧೇಯ ತಜ್ಞ ತಾನೇ ಅಂತ ಬಾಯಿಬಿಡದೆ, ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟರು. 1937ರಲ್ಲಿ ಪೇಪರು ಬೇರೊಂದು ಪತ್ರಿಕೆಯಲ್ಲಿ ಬಂತು, ತೀರ್ಮಾನ ತಿರುಗಿ ನಿಂತಿತ್ತು. ಆ ತಜ್ಞ ರಾಬರ್ಟ್‌ಸನ್ ಎಂಬುದು ಪತ್ರಿಕೆಯ ಹಳೆಯ ದಾಖಲೆಗಳಿಂದ ಖಚಿತವಾಗಿ ಹೊರಬಿದ್ದದ್ದು 2005ರಲ್ಲಿ. ಅಲೆಗಳು 2015ರಲ್ಲಿ ಸಿಕ್ಕೇಬಿಟ್ಟವು. ಅಂದ ಹಾಗೆ ಕಪ್ಪುರಂಧ್ರಗಳು ಡಿಕ್ಕಿ ಹೊಡೆದ ಮೇಲೆ ಆ ಅಲೆ ಗಂಟೆಯ ನಾದದ ಹಾಗೆ ಕ್ಷೀಣಿಸುತ್ತದಲ್ಲ, ಅದನ್ನು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ.

ಬೆಂಗಳೂರು ಅಂದಕೂಡಲೇ ನಾನು ಎಲ್ಲೋ ಓದಿ ಮರೆತಿದ್ದ ಇನ್ನೊಂದು ಸಂಗತಿ ನೆನಪಾಯಿತು. ವಾಪಸು ಬಂದವರ ಕಥೆಗಳು ಎಲ್ಲರಿಗೂ ಗೊತ್ತು. ವಾಪಸು ಮಾಡಿದವರ ಕಥೆ ಯಾರು ಬರೆಯುತ್ತಾರೆ? ಅಂಥವರೊಬ್ಬರು ನೂರು ವರ್ಷದ ಹಿಂದೆ ನಮ್ಮ ಸೆಂಟ್ರಲ್ ಕಾಲೇಜಿನಲ್ಲೇ ಇದ್ದರು.

ಹೆಸರು ಎಂ. ಟಿ. ನಾರಾಯಣ ಅಯ್ಯಂಗಾರ್. ಆ ಕಾಲದ ಅಚ್ಚಿನಲ್ಲಿ 'ನಾರಣಿಯಂಗಾರ್' ಅಂತ ಕೂಡಿಸಿಯೇ ಬರೆದಿರುತ್ತದೆ. ಸೆಂಟ್ರಲ್ ಕಾಲೇಜಿನ ಗಣಿತದ ಮೇಷ್ಟ್ರು. ಆಗ ಮೈಸೂರು ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ, ಅದು 1916ರದ್ದು. ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬ ಡೆಪ್ಯೂಟಿ ಕಲೆಕ್ಟರರು ಕಚೇರಿ ಕೆಲಸದ ನಡುವೆ ಗಣಿತದ ಹುಚ್ಚು ಹತ್ತಿಸಿಕೊಂಡು ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಗೆ ಅಡಿಪಾಯ ಹಾಕಿದರು. 1909ರಲ್ಲಿ ಅದರ ಜರ್ನಲ್ ಶುರುವಾದಾಗ ಸಂಪಾದಕರಾಗಿ ಕೂತವರು ನಾರಾಯಣ ಅಯ್ಯಂಗಾರ್. ಅವರೂ ಸುಮ್ಮನೆ ಕೂತ ಮೇಷ್ಟ್ರಲ್ಲ. ಯಾವುದೇ ತ್ರಿಭುಜದ ಮೂರೂ ಕೋನಗಳನ್ನು ತಲಾ ಮೂರು ಸಮಪಾಲು ಮಾಡಿ ಗೆರೆ ಎಳೆದರೆ, ಪಕ್ಕಪಕ್ಕದ ಗೆರೆಗಳು ಕೂಡುವ ಮೂರು ಬಿಂದುಗಳು ಸಮಬಾಹು ತ್ರಿಭುಜವೇ ಆಗುತ್ತವೆ ಅಂತ ಒಂದು ಪ್ರಮೇಯವಿದೆ, ಮಾರ್ಲಿಯ ಪ್ರಮೇಯ ಅಂತ. ಅದಕ್ಕೆ ಸರಳ ರೇಖಾಗಣಿತದ ಸಾಧನೆ ಕೊಟ್ಟ ಮೊದಲಿಗರಲ್ಲಿ ಇವರು ಒಬ್ಬರು, 1909ರಲ್ಲಿ ಅದು ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಅಂದರೆ ಹೊರಗಿನ ಪತ್ರಿಕೆಗೆ ಕಳಿಸಿ ಕಾಯುವುದು ಏನು ಅಂತ ಸ್ವತಃ ಗೊತ್ತಿದ್ದವರು.

ಇವರ ಮೇಜಿಗೆ ಮದರಾಸಿನಿಂದ ಒಂದು ಹಸ್ತಪ್ರತಿ ಬಂತು. ಬರೆದವನಿಗೆ ಇಪ್ಪತ್ಮೂರು ವರ್ಷ. ಎಫ್.ಎ. ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಫೇಲು. ಗಣಿತ ಬಿಟ್ಟು ಬೇರೆ ಯಾವ ವಿಷಯವನ್ನೂ ಓದದೆ ಇದ್ದದ್ದಕ್ಕೆ ಸ್ಕಾಲರ್‌ಶಿಪ್ಪೂ ಹೋಗಿತ್ತು. 1909ರಲ್ಲಿ ಮದುವೆಯಾಗಿ, ಕೆಲಸ ಹುಡುಕಿಕೊಂಡು ಊರೂರು ಅಲೆಯುತ್ತಿದ್ದ. ರಾಮಸ್ವಾಮಿ ಅಯ್ಯರರ ಹತ್ತಿರ ಹೋಗಿ ಒಂದು ಗುಮಾಸ್ತೆ ಕೆಲಸ ಕೇಳಿದ್ದ. ಅವರು ನೋಟ್‌ಬುಕ್ಕು ನೋಡಿ, ಇಂಥವನನ್ನು ರೆವಿನ್ಯೂ ಕಚೇರಿಯ ತಳದಲ್ಲಿ ಕೂರಿಸಿ ಉಸಿರುಗಟ್ಟಿಸಲು ಮನಸ್ಸಿಲ್ಲ ಅಂತ ಬೇರೆಯವರಿಗೆ ಪತ್ರ ಕೊಟ್ಟು ಕಳಿಸಿದ್ದರು. ಹೆಸರು ಎಸ್. ರಾಮಾನುಜನ್. ಆಗ ಆ ಹೆಸರಿಗೆ ಮೂರು ಕಾಸಿನ ಬೆಲೆಯಿರಲಿಲ್ಲ.

ಅದೇ 1911ರಲ್ಲಿ ರಾಮಾನುಜನ್ ಜರ್ನಲ್ಲಿನ ಪ್ರಶ್ನೆಗಳ ವಿಭಾಗಕ್ಕೆ ಒಂದು ಲೆಕ್ಕ ಕಳಿಸಿದ್ದ, 289ನೇ ಪ್ರಶ್ನೆ. ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಇನ್ನೊಂದು, ಹಾಗೇ ಕೊನೆಯಿಲ್ಲದೆ ಹೋಗುತ್ತದೆ. ಬೆಲೆ ಎಷ್ಟು? ಆರು ತಿಂಗಳಾದರೂ ಯಾರೂ ಉತ್ತರ ಕಳಿಸಲಿಲ್ಲ. ಕೊನೆಗೆ ತಾನೇ ಕಳಿಸಿದ. ಉತ್ತರ 3. ಅಷ್ಟೆ!

ಹಸ್ತಪ್ರತಿ ಮಾತ್ರ ಪ್ರಶ್ನೆಯಲ್ಲ, ಪೂರಾ ಲೇಖನ. ಬರ್ನೂಲಿ ಸಂಖ್ಯೆಗಳು ಎಂಬ ಒಂದು ಭಿನ್ನರಾಶಿಗಳ ಸಾಲಿನ ಕೆಲವು ಗುಣಗಳ ಬಗ್ಗೆ. ಹುಡುಗನಾಗಿದ್ದಾಗಲೇ ತಾನೇ ಕಂಡುಕೊಂಡಿದ್ದ ವಿಷಯ. ಅಯ್ಯಂಗಾರರು ಓದಿದರು. ಅರ್ಥವಾಗಲಿಲ್ಲ ಅನ್ನುವುದು ಸರಿಯಲ್ಲ. ಏನೋ ಇದೆ ಅಂತ ಅರ್ಥವಾಯಿತು, ಅದು ಹೇಗೆ ಬಂತು ಅಂತ ಕಾಗದದ ಮೇಲೆ ಇರಲಿಲ್ಲ. ಒಂದು ಮೆಟ್ಟಿಲಿಂದ ಐದನೇ ಮೆಟ್ಟಿಲಿಗೆ ಹಾರಿದ್ದ, ನಡುವಿನವು ತಲೆಯಲ್ಲೇ ಉಳಿದಿದ್ದವು. ವಿಧಾನ ತೀರಾ ಅಡಕ, ತೀರಾ ಹೊಸದು, ಮಂಡನೆ ಅಸ್ಪಷ್ಟ, ಸಾಮಾನ್ಯ ಓದುಗ ಹಿಂದೆ ಬರಲಾರ ಅನ್ನುವುದು ಅಯ್ಯಂಗಾರರ ಅಭಿಪ್ರಾಯವಾಗಿತ್ತು.

ವಾಪಸು ಕಳಿಸಿದರು. ಅವನು ತಿದ್ದಿ ಕಳಿಸಿದ. ಮತ್ತೆ ವಾಪಸು. ಹೀಗೆ ಮೂರು ಸಲ ಆ ಹಸ್ತಪ್ರತಿ ಓಡಾಡಿತು ಅಂತ ಜೀವನಚರಿತ್ರೆ ಬರೆದವರು ಹೇಳುತ್ತಾರೆ. 1911ರ ಮೂರನೇ ಸಂಪುಟದಲ್ಲಿ 219ನೇ ಪುಟದಿಂದ 234ನೇ ಪುಟದವರೆಗೆ ಅದು ಅಚ್ಚಾಯಿತು. ರಾಮಾನುಜನ್ನರ ಮೊದಲ ಪೇಪರು, ಹದಿನಾರು ಪುಟ.

ಇಲ್ಲಿ ನಾನು ನಿಂತುಬಿಟ್ಟೆ. ಮೂರು ಸಲ! ನನ್ನದೂ ಮೂರು ಸಲ, ಆದರೆ ಮೂರು ಬೇರೆ ಬೇರೆ ಬಾಗಿಲು. ಅವನದ್ದು ಒಂದೇ ಬಾಗಿಲು. ಆ ಬಾಗಿಲಲ್ಲಿ ನಿಂತವನಿಗೆ ಬಹಳ ಸುಲಭದ ದಾರಿ ಎರಡಿದ್ದವು. ಡಿಗ್ರಿಯಿಲ್ಲದವನ ಗೀಚು ಅಂತ ಬುಟ್ಟಿಗೆ ಹಾಕಬಹುದಿತ್ತು. ಇಲ್ಲವೇ ಸೊಸೈಟಿ ಕಟ್ಟಿದವರೇ ಮೆಚ್ಚಿದ ಹುಡುಗ, ಇದ್ದ ಹಾಗೇ ಹಾಕಿಬಿಡೋಣ ಅನ್ನಬಹುದಿತ್ತು. ಎರಡನ್ನೂ ಮಾಡದೆ ಒಬ್ಬ ಮೇಷ್ಟ್ರು, ಸಂಬಳವಿಲ್ಲದ ಈ ಕೆಲಸಕ್ಕೆ, ಪಾಠ ಮುಗಿಸಿ ಬಂದು, ಮತ್ತೆ ಮತ್ತೆ ಓದಿದ. ಈ ಮೂರು ಸಲದಲ್ಲಿ ರಾಮಾನುಜನ್ನರಿಗೆ ಏನನ್ನಿಸಿತೋ. ಸಿಟ್ಟು ಬಂದಿರಬೇಕು. ನನಗಾಗಿದ್ದರೆ ಬರುತ್ತಿತ್ತು.

ಇಷ್ಟು ಜರಡಿ ಹಿಡಿದರೂ ಒಂದು ಕಲ್ಲು ಉಳಿದುಕೊಂಡಿತು ನೋಡಿ. ಆ ಪೇಪರಿನಲ್ಲಿ ಒಂದು ಮಾತಿದೆ: ಬರ್ನೂಲಿ ಸಂಖ್ಯೆಯನ್ನು ಅದರ ಕ್ರಮಸಂಖ್ಯೆಯಿಂದ ಭಾಗಿಸಿ ಅತಿಸಂಕ್ಷಿಪ್ತ ಮಾಡಿದರೆ ಮೇಲಿನ ಅಂಶ ಅವಿಭಾಜ್ಯ ಸಂಖ್ಯೆ ಅಂತ. ಇದು ತಪ್ಪು. 20ನೆಯ ಸಂಖ್ಯೆಗೆ ಬಂದರೆ ಮೇಲಿನ ಅಂಶ 174611. ಅದು 283 ಮತ್ತು 617ರ ಗುಣಲಬ್ಧ. ಕಾಗದ ಪೆನ್ಸಿಲ್ ಇದ್ದರೆ ನೀವೂ ಗುಣಿಸಿ ನೋಡಬಹುದು, ನಾನು ನೋಡಿದೆ, ರಾತ್ರಿ ಎರಡು ಗಂಟೆಗೆ. ರಾಮಾನುಜನ್ನರ ತಪ್ಪು ಹಿಡಿದ ಸುಖ ಬೇರೆ :)

ಆ ಪೇಪರು ಮುಂದಿನ ವರ್ಷವೂ ಅವರನ್ನು ಬಿಡಲಿಲ್ಲ. 1912ರ ಮಾರ್ಚ್ 1ರಂದು ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆಯಾದರು. ಮದರಾಸಿನ ಎಂಜಿನಿಯರಿಂಗ್ ಕಾಲೇಜಿನ ಗ್ರಿಫಿತ್ ಎಂಬ ಪ್ರೊಫೆಸರು ಇವರ ಕೆಲಸವನ್ನು ಲಂಡನ್ನಿನ ತನ್ನ ಮೇಷ್ಟ್ರು ಎಂ. ಜೆ. ಎಂ. ಹಿಲ್ ಅವರಿಗೆ ಕಳಿಸಿದರು. ಹಿಲ್ ಉತ್ತರ ಬರೆದರು: ಗಣಿತದಲ್ಲಿ ರುಚಿಯಿದೆ, ಶಕ್ತಿಯೂ ಒಂದಿಷ್ಟಿದೆ, ಆದರೆ ದಾರಿ ತಪ್ಪಿದ್ದಾನೆ. ಒಂದು ಎರಡು ಮೂರು ಅಂತ ಕೂಡುತ್ತಾ ಕೊನೆಯಿಲ್ಲದೆ ಹೋದರೆ ಮೊತ್ತ ಋಣ ಹನ್ನೆರಡರಲ್ಲೊಂದು ಎಂದಿದ್ದಾನಲ್ಲ! ಹೀಗೆಂದು, ಬ್ರಾಮ್‌ವಿಚ್ ಬರೆದ ಅನಂತ ಶ್ರೇಣಿಗಳ ಪುಸ್ತಕ ಓದಲು ಹೇಳಿ, ಲಂಡನ್ನಿನ ಪತ್ರಿಕೆಗೆ ಬರೆಯುವುದಿದ್ದರೆ ಹೇಗೆ ಬರೆಯಬೇಕು ಅಂತಲೂ ಸೂಚಿಸಿದರು. ಆ ಋಣ ಹನ್ನೆರಡರಲ್ಲೊಂದು ಹುಚ್ಚುಮಾತಲ್ಲ, ಅದಕ್ಕೆ ಬೇರೊಂದು ಅರ್ಥದಲ್ಲಿ ಗಟ್ಟಿ ನೆಲೆಯಿದೆ ಅಂತ ಈಗ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೂ ಗೊತ್ತು. ಆದರೆ ಯಾವ ಅರ್ಥದಲ್ಲಿ ಅಂತ ರಾಮಾನುಜನ್ ಕಾಗದದಲ್ಲಿ ಹೇಳಿರಲಿಲ್ಲ. ಹಿಲ್ ತಪ್ಪು ಹೌದು, ತಪ್ಪಲ್ಲವೂ ಹೌದು. ಹಾರ್ಡಿಗೆ ಮೊದಲು ಕೇಂಬ್ರಿಜ್ಜಿನ ಇನ್ನಿಬ್ಬರಿಗೂ ರಾಮಾನುಜನ್ ಬರೆದಿದ್ದರು, ಅಲ್ಲಿಂದ ಏನೂ ಆಗಲಿಲ್ಲ. 1913ರ ಜನವರಿ 16ರ ಪತ್ರ ಹಾರ್ಡಿಗೆ. ಅಲ್ಲಿಂದಾಚೆಯದು ಸಿನಿಮಾವೂ ಆಗಿದೆ, ಬಿಡಿ.

ಒಂದು ಮಾತ್ರ ಸೇರಿಸುತ್ತೇನೆ, ಸಿನಿಮಾದಲ್ಲಿ ನೋಡಿದ ನೆನಪಿಲ್ಲ. ಇಂಗ್ಲೆಂಡಿಗೆ ಹೋಗಿ ಹೆಸರು ಮಾಡಿದ ಮೇಲೂ, 1915ರಲ್ಲಿ ಅವರ ಅತಿ ದೊಡ್ಡ ಪೇಪರುಗಳಲ್ಲಿ ಒಂದನ್ನು ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಪ್ರಕಟಿಸಿದಾಗ, ಸೊಸೈಟಿಯ ಕೈಯಲ್ಲಿ ದುಡ್ಡಿರಲಿಲ್ಲ. ಖರ್ಚು ಉಳಿಸಲು ಕೊನೆಯ ಭಾಗವನ್ನೇ ಕೈಬಿಟ್ಟರು. ಆ ಬಿಟ್ಟ ಭಾಗ ಟಿಪ್ಪಣಿಗಳೊಂದಿಗೆ ಜರ್ನಲ್ಲಿನಲ್ಲಿ ಅಚ್ಚಾದದ್ದು 1997ರಲ್ಲಿ. 82 ವರ್ಷ! ನನ್ನ ಹನ್ನೊಂದು ತಿಂಗಳು ಯಾವ ಲೆಕ್ಕ.

ಭಾನುವಾರ ಬೆಳಿಗ್ಗೆ ತೋಟಕ್ಕೆ ನೀರು ಬಿಡುತ್ತಾ ಇದನ್ನೇ ಯೋಚಿಸುತ್ತಿದ್ದೆ. ವಾಪಸು ಮಾಡುವವರೇ ಇಲ್ಲದಿದ್ದರೆ? ನಮ್ಮದೇ ಪತ್ರಿಕೆ, ನಾವೇ ಯಜಮಾನರು, ಬರೆದದ್ದೆಲ್ಲ ಅಚ್ಚು. ಅದಕ್ಕೂ ಬೆಂಗಳೂರಿನಲ್ಲೇ ಉದಾಹರಣೆಯಿದೆ, ಅದೂ ಸಣ್ಣಪುಟ್ಟವರದ್ದಲ್ಲ.

ಸರ್ ಸಿ. ವಿ. ರಾಮನ್ 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಡೈರೆಕ್ಟರಾಗಿ ಬಂದರು. ಮರುವರ್ಷವೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿ ಅದರ ಪ್ರೊಸೀಡಿಂಗ್ಸ್ ಶುರು ಮಾಡಿದರು. ಅದಕ್ಕೆ ಸ್ವಲ್ಪ ಮೊದಲು, 1932ರಲ್ಲಿ, ಇದೇ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಹೊರಟಿತ್ತು. ಅದರ ಮೊದಲ ಸಂಪಾದಕರು ಕಪ್ಪೆಗಳ ತಜ್ಞ ಸಿ. ಆರ್. ನಾರಾಯಣರಾವ್, ಅವರೂ ಸೆಂಟ್ರಲ್ ಕಾಲೇಜಿನವರೇ. ನಮ್ಮ ಕೆಲಸವನ್ನು ನಮ್ಮ ದೇಶದಲ್ಲೇ ಪ್ರಕಟಿಸಬೇಕು ಅನ್ನುವುದು ರಾಮನ್ನರ ಹಠ. ಒಳ್ಳೆಯ ಹಠವೇ. ಪ್ರೊಸೀಡಿಂಗ್ಸಿನ ಮೊದಲ ವರ್ಷಗಳಲ್ಲೇ ಶಬ್ದದ ಅಲೆಗಳಿಂದ ಬೆಳಕು ಚದುರುವ ಬಗ್ಗೆ ರಾಮನ್ ಮತ್ತು ನಾಗೇಂದ್ರನಾಥ್ ಬರೆದ ಪೇಪರುಗಳು ಬಂದವು, ಇವತ್ತಿಗೂ ಜಗತ್ತು ಅವನ್ನು ಬಳಸುತ್ತದೆ.

ಆದರೆ 1940ರ ದಶಕದಲ್ಲಿ ರಾಮನ್ ಹರಳುಗಳ ಕಂಪನದ ಬಗ್ಗೆ ಒಂದು ಸಿದ್ಧಾಂತ ಹಿಡಿದರು. ಹರಳಿನ ಕಂಪನಗಳಿಗೆ ಕೈಬೆರಳೆಣಿಕೆಯ ಹಾಗೆ ಕೆಲವೇ ನಿರ್ದಿಷ್ಟ ಆವರ್ತನಗಳು ಅಂತ ಇವರು. ಅಲ್ಲ, ನಿರಂತರ ಸಾಲು ಅಂತ ಮ್ಯಾಕ್ಸ್ ಬಾರ್ನ್. ಈ ಬಾರ್ನ್ ಅವರನ್ನು ನಾಜಿ ಜರ್ಮನಿಯಿಂದ ಹೊರಬಿದ್ದ ಮೇಲೆ 1935ರಲ್ಲಿ ಬೆಂಗಳೂರಿಗೆ ಕರೆಸಿ ಇಲ್ಲೇ ಉಳಿಸಿಕೊಳ್ಳಲು ಒದ್ದಾಡಿದವರು ರಾಮನ್ನೇ ಅನ್ನುವುದು ವಿಧಿಯ ತಮಾಷೆ. ರಾಮನ್ ಬರೆದರು, ಶಿಷ್ಯರು ಬರೆದರು, ಹೆಚ್ಚಿನದೆಲ್ಲ ತಮ್ಮದೇ ಪ್ರೊಸೀಡಿಂಗ್ಸಿನಲ್ಲಿ. ಅಕಾಡೆಮಿಯ ಅಧ್ಯಕ್ಷರು ಆರಂಭದಿಂದ 1970ರಲ್ಲಿ ತೀರಿಕೊಳ್ಳುವವರೆಗೂ ಅವರೇ. ನೊಬೆಲ್ ಪಡೆದ ಅಧ್ಯಕ್ಷರ ಪೇಪರನ್ನು, ಸ್ವಾಮಿ ಇದು ಸರಿಯಿಲ್ಲ ಅಂತ ಮೂರು ಸಲ ವಾಪಸು ಮಾಡುವ ನಾರಾಯಣ ಅಯ್ಯಂಗಾರ್ ಎಲ್ಲಿಂದ ಬರಬೇಕು? 1950ರ ದಶಕದಿಂದ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪರವಾಗಿ ನಿಂತವು. ರಾಮನ್ ಕೊನೆಯವರೆಗೂ ಒಪ್ಪಲಿಲ್ಲ. ಅಷ್ಟು ವರ್ಷಗಳ ಕೆಲಸ, ಅಷ್ಟು ಶಿಷ್ಯರ ಶ್ರಮ. ನನ್ನ ತಿಳುವಳಿಕೆಯಲ್ಲಿ ಅವರಿಗೆ ಆದ ದೊಡ್ಡ ನಷ್ಟ ಯಾರೋ ಬೇಡ ಅಂದದ್ದರಿಂದ ಆದದ್ದಲ್ಲ. ತಜ್ಞರು ಬೇರೆ ಹೇಳಿದರೆ ಕೇಳೋಣ.

ಹಾಗಂತ ವಾಪಸು ಮಾಡುವವರೆಲ್ಲ ದೇವರು ಅಂತ ನಾನು ಹೇಳಹೊರಟಿಲ್ಲ. ರಾಮನ್ನರ ಅದೇ ಲ್ಯಾಬಿನಲ್ಲಿ 1940ರಿಂದ ಅಣ್ಣಾ ಮಣಿ ಇದ್ದರು. ತಿರುವಾಂಕೂರಿನ ಹುಡುಗಿ, 1918ರಲ್ಲಿ ಹುಟ್ಟಿದವರು. ವಜ್ರ ಮತ್ತು ಮಾಣಿಕ್ಯ ಬೆಳಕು ಸೂಸುವ ಬಗೆಯನ್ನು ಫೋಟೋ ಪ್ಲೇಟಿನಲ್ಲಿ ಹಿಡಿಯುವ ಕೆಲಸ. ಒಂದೊಂದು ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಿಸಬೇಕು, ರಾತ್ರಿ ಲ್ಯಾಬಿನಲ್ಲೇ ಮಲಗುತ್ತಿದ್ದರು. 1942ರಿಂದ 1945ರೊಳಗೆ ಒಬ್ಬರೇ ಬರೆದ ಐದು ಪೇಪರು. 1945ರ ಆಗಸ್ಟಿನಲ್ಲಿ ಪಿಎಚ್.ಡಿ. ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು, ಆಗ ಇನ್‌ಸ್ಟಿಟ್ಯೂಟಿನ ಕೆಲಸಕ್ಕೆ ಪದವಿ ಕೊಡುತ್ತಿದ್ದದ್ದು ಅವರೇ. ಎಂ.ಎಸ್ಸಿ. ಇಲ್ಲ, ಆದ್ದರಿಂದ ಆಗುವುದಿಲ್ಲ ಅಂತ ಉತ್ತರ ಬಂತು. ಇದ್ದದ್ದು ಬಿ.ಎಸ್ಸಿ. ಆನರ್ಸ್. ಪ್ರಬಂಧದಲ್ಲಿ ಇಂಥ ಪುಟದಲ್ಲಿ ಇಂಥ ತಪ್ಪು ಎಂದಲ್ಲ. ಪುಟ ತಿರುಗಿಸುವ ಅಗತ್ಯವೇ ಬೀಳದ ಕಾರಣ. ಇದಕ್ಕೆ ಏನು ತಿದ್ದಿ ಕಳಿಸುವುದು?

ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಈ ದೇಶಕ್ಕೆ ಸಿದ್ಧಪಡಿಸಿದರು. ಡಾಕ್ಟರೇಟ್ ಇಲ್ಲದೆಯೇ. ಆ ಪ್ರಬಂಧ ರಟ್ಟು ಹಾಕಿಸಿಕೊಂಡು ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿದೆ. ಜೀವನದಲ್ಲಿ ಅದು ಅಡ್ಡಿಯೇ ಆಗಲಿಲ್ಲ ಅಂತ ಅವರು ಹೇಳುತ್ತಿದ್ದರಂತೆ. ಅವರು ದೊಡ್ಡವರು, ಹಾಗೆ ಹೇಳಿದರು. ಓದಿದಾಗ ನನಗೆ ಹೊಟ್ಟೆ ಉರಿಯಿತು.

ಓದಿ ಬೇಡ ಅಂದದ್ದು ಬೇರೆ, ಓದದೇ ಬೇಡ ಅಂದದ್ದು ಬೇರೆ. ನಾಲ್ಕು ದಿನಕ್ಕೆ ಬಂದ ನನ್ನ ಮೊದಲ ಉತ್ತರ ಎರಡನೇ ಜಾತಿಯದ್ದು. ಎರಡನೆಯದೂ ಹೆಚ್ಚುಕಡಿಮೆ ಅದೇ, ಸ್ಥಳೀಯ ಅನ್ನಲು ಶೀರ್ಷಿಕೆ ನೋಡಿದರೆ ಸಾಕು. ಮೂರನೆಯದು ಯಾವ ಜಾತಿ ಅಂತ ಗೊತ್ತಿರಲಿಲ್ಲ, ನಾನೇ ಓದಿರಲಿಲ್ಲವಲ್ಲ! ಓದದೇ ಬೈದವನು ನಾನೇ.

ಭಾನುವಾರ ಮಧ್ಯಾಹ್ನ ಟಿಪ್ಪಣಿಗಳನ್ನು ತೆರೆದೆ. ಮೊದಲನೆಯವರದ್ದು ನಾಲ್ಕು ಸಾಲು, ಉದ್ದವಾಯಿತು, ಇಂಗ್ಲಿಷ್ ತಿದ್ದಬೇಕು. ಎರಡನೆಯವರದ್ದು ಮೂರು ಪುಟ. ಯಾರೋ ಪುಣ್ಯಾತ್ಮರು ನನ್ನ ಕೋಷ್ಟಕದ ಒಂದೊಂದು ಸಾಲನ್ನೂ ಸಂಪುಟದ ಜೊತೆ ಹಿಡಿದು ನೋಡಿದ್ದರು. ಅವರ ಮುಖ್ಯ ಆಕ್ಷೇಪಣೆ ಒಂದೇ: ಲೇಖಕರು ಎಲ್ಲ ಕಡೆ ಖಂಡುಗವನ್ನು ಒಂದೇ ಅಳತೆಗೆ ಎಕರೆಗೆ ಬದಲಾಯಿಸಿದ್ದಾರೆ. ಗದ್ದೆಯ ಖಂಡುಗವೂ ಬೆದ್ದಲಿನ ಖಂಡುಗವೂ ಒಂದೇ ವಿಸ್ತೀರ್ಣವೇ? ಅದರ ಕೆಳಗೆ ಇನ್ನೊಂದು ಪ್ರಶ್ನೆ: ಈ 23 ಕಲ್ಲುಗಳಲ್ಲಿ ಎಷ್ಟನ್ನು ಲೇಖಕರು ಕಣ್ಣಾರೆ ನೋಡಿದ್ದಾರೆ?

ನಾಲ್ಕು. ಉಳಿದ ಹತ್ತೊಂಬತ್ತನ್ನು ಪುಸ್ತಕದಲ್ಲಿ ನೋಡಿದ್ದೆ.

ಕೆಳಗೆ ಹೋಗಿ ಅಪ್ಪನನ್ನು ಕೇಳಿದೆ. "ಖಂಡುಗ ಅಂದರೆ ಎಷ್ಟು ಜಮೀನು?"

"ಯಾವ ಜಮೀನು?"

"ಯಾವುದಾದರೂ."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗದ್ದೆ ಖಂಡುಗ ಬೇರೆ, ಹೊಲದ ಖಂಡುಗ ಬೇರೆ. ಖಂಡುಗ ಬೀಜ ಬಿತ್ತೋ ಅಷ್ಟು ನೆಲ ಕಣಪ್ಪ. ಭತ್ತ ಒತ್ತಾಗಿ ಚೆಲ್ತೀವಿ, ಸ್ವಲ್ಪ ನೆಲಕ್ಕೇ ಮುಗಿದುಹೋಗುತ್ತೆ. ರಾಗಿ ಎಷ್ಟು ದೂರ ಹೋಗುತ್ತೆ ನೀನೇ ನೋಡಿಲ್ವಾ?"

ನೋಡಿದ್ದೇನೆ. ಚಿಕ್ಕಂದಿನಲ್ಲಿ ಕೂರಿಗೆ ಹಿಂದೆ ಓಡಾಡಿದ್ದೇನೆ. ಎರಡು ವರ್ಷ ಲೈಬ್ರರಿಯಲ್ಲಿ ಕೂತು, ಮೂರು ಜರ್ನಲ್ಲಿಗೆ ಕಳಿಸಿ, ಹೆಸರಿಲ್ಲದ ಒಬ್ಬ ವಿಮರ್ಶಕರಿಂದ ಬೈಸಿಕೊಂಡು ತಿಳಿದ ವಿಷಯ ನಮ್ಮ ಮನೆಯ ಅಟ್ಟದ ಮೇಲೆ ಬಿಟ್ಟಿ ಸಿಗುತ್ತಿತ್ತು.

ಆ ರಾತ್ರಿ ಲೆಕ್ಕ ಮತ್ತೆ ಹಾಕಿದೆ. ಗದ್ದೆ ಎಂದು ಸ್ಪಷ್ಟ ಇದ್ದವನ್ನು ಬೇರೆ ಮಾಡಿದೆ, ಬೆದ್ದಲನ್ನು ಬೇರೆ ಮಾಡಿದೆ, ಯಾವುದೆಂದು ಹೇಳದವನ್ನು ಲೆಕ್ಕದಿಂದಲೇ ತೆಗೆದೆ. ನನ್ನ ಪೇಪರಿನ ತಲೆಬರಹದಲ್ಲಿದ್ದ ದೊಡ್ಡ ಮಾತು ಬಿದ್ದುಹೋಯಿತು. ಉಳಿದದ್ದು ಸಣ್ಣ ಮಾತು: ಏರಿ ನೋಡಿಕೊಳ್ಳುವವನಿಗೆ ಕೊಟ್ಟ ನೆಲ ಸಾಮಾನ್ಯವಾಗಿ ಅದೇ ಕೆರೆಯ ಕೆಳಗಿನ ಗದ್ದೆ. ಕೆರೆ ಒಡೆದರೆ ಮೊದಲು ಮುಳುಗುವುದು ಅವನದ್ದೇ. ಇದು ನಿಲ್ಲುತ್ತದೋ ಇಲ್ಲವೋ, ಕಲ್ಲುಗಳನ್ನು ನೋಡದೆ ಹೇಳುವ ಧೈರ್ಯ ಈಗ ಇಲ್ಲ.

ಮೂರು ದಿನದ ಜರ್ನಲ್ಲಿನವನಿಗೆ ಉತ್ತರ ಬರೆಯಲಿಲ್ಲ. ಅವನು ಈಗ 3,500ಕ್ಕೆ ಇಳಿದಿದ್ದಾನೆ.

ಆಮೇಲೆ ನಾಲ್ಕು ವಾರಾಂತ್ಯ ಅಪ್ಪನ ಟಿವಿಎಸ್ ಹತ್ತಿಕೊಂಡು ಏರಿ ಏರಿ ಸುತ್ತುತ್ತಿದ್ದೇನೆ. 23ರಲ್ಲಿ ಈಗ 11 ಆಯಿತು. ಎರಡು ಕಲ್ಲು ಲಂಟಾನದೊಳಗೆ ಮುಚ್ಚಿಹೋಗಿವೆ. ಒಂದನ್ನು ತೂಬಿನ ರಿಪೇರಿ ಮಾಡುವಾಗ ಬೋರಲು ಹಾಕಿ ಮೆಟ್ಟಿಲು ಮಾಡಿಕೊಂಡಿದ್ದಾರೆ, ಬಟ್ಟೆ ಒಗೆಯಲು ಅನುಕೂಲವಾಗಿದೆ. ಉಳಿದವು ಹೆಚ್ಚಾಗಿ ತುರುವೇಕೆರೆ ಆಚೆ. ಆ ಕಡೆಯ ಬ್ಲಾಗಿಗರು ಯಾರಾದರೂ ಇದ್ದರೆ, ನಿಮ್ಮೂರ ಕೆರೆ ಏರಿ ಮೇಲೆ ಅಕ್ಷರ ಇರುವ ಕಲ್ಲು ಕಂಡಿದ್ದರೆ, ಒಂದು ಮಾತು ತಿಳಿಸಿ. ಮಚ್ಚು, ಪೊರಕೆ, ಕುಡಿಯುವ ನೀರು ನಾನೇ ತರುತ್ತೇನೆ.